ನೂರಿಪ್ಪತ್ತು ಬೈ ಎಂಬತ್ತು

ಸಿಸ್ಟರಮ್ಮನಿಗೆ ನಲವತ್ತಾರನೇ ವಯಸ್ಸಿನಲ್ಲಿ ಓದುವ ಹುಚ್ಚು ಹಿಡಿದಿದೆ ಎಂದು ಬಂಧುಗಳು ಆಡಿಕೊಂಡರು. ಹುಚ್ಚೂ ಇಲ್ಲ, ಗಿಚ್ಚೂ ಇಲ್ಲ. ಇಪ್ಪತ್ತು ವರ್ಷ ಬಡಾವಣೆಯ ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿ ಮನೆಮನೆ ಸುತ್ತಿದವಳಿಗೆ ಮೇಲ್ವಿಚಾರಕಿಯ ಹುದ್ದೆ ಬೇಕಿತ್ತು, ಆ ಹುದ್ದೆಗೆ ವಿಶ್ವವಿದ್ಯಾಲಯದ ಪದವಿ ಬೇಕಿತ್ತು. ಪದವಿಯ ಹೆಸರು ಸಾರ್ವಜನಿಕ ಆರೋಗ್ಯ ಸಂಶೋಧನೆ ಮತ್ತು ಆರೋಗ್ಯ ದತ್ತಾಂಶ ವಿಜ್ಞಾನ. ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವರಿಗೆ ಅರ್ಧ ಪದವಿ ಅಲ್ಲೇ ಕೊಟ್ಟುಬಿಡಬಹುದಿತ್ತು.

ತರಗತಿಯಲ್ಲಿದ್ದ ಹುಡುಗ ಹುಡುಗಿಯರು ಒಬ್ಬ ರೋಗಿಯ ಕೈಯನ್ನೂ ಹಿಡಿದವರಲ್ಲ. ಆದರೆ ಕಂಪ್ಯೂಟರಿನಲ್ಲಿ ಲಕ್ಷ ರೋಗಿಗಳನ್ನು ಒಟ್ಟಿಗೇ ವಿಚಾರಿಸಿಕೊಳ್ಳುತ್ತಿದ್ದರು. ಪಾಠ ಮಾಡುವ ಮೇಷ್ಟ್ರು ಬಲು ಸಜ್ಜನರು. “ಅಂಕಿ ಸುಳ್ಳು ಹೇಳಲ್ಲ ಕಣ್ರಪ್ಪಾ” ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಸಿಸ್ಟರಮ್ಮ ಅದನ್ನೂ ನೋಟ್ಸ್ ಬರೆದುಕೊಳ್ಳುತ್ತಿದ್ದಳು.

ಎರಡನೇ ವರ್ಷದ ಒಂದು ಬೆಳಿಗ್ಗೆ ಮೇಷ್ಟ್ರು ಮದುಮಗನ ಕಳೆಯಲ್ಲಿ ಬಂದು ಊರಿನ ಎಲ್ಲ ವಾರ್ಡುಗಳ ಅಂಕಿಗಳನ್ನು ಗೋಡೆಯ ಮೇಲೆ ಮೂಡಿಸಿದರು.

“ಹನ್ನೊಂದನೇ ವಾರ್ಡ್ ನೋಡಿ! ಮೂರು ವರ್ಷ, ನಾಲ್ಕು ಸಾವಿರ ಜನ, ಎಲ್ರ ಬಿ.ಪಿ.ನೂ ನೂರಿಪ್ಪತ್ತು ಬೈ ಎಂಬತ್ತು! ಇಂಥಾ ಆರೋಗ್ಯ ನಾನೆಲ್ಲೂ ಕಂಡಿಲ್ಲ!”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅಲ್ಲಿನ ನೀರೇ ಕಾರಣವಿರಬೇಕು ಅಂದ ಒಬ್ಬ ಹುಡುಗ. ಮರಗಳ ನೆರಳು ಅಂದಳು ಇನ್ನೊಬ್ಬಳು. ಹನ್ನೊಂದನೇ ವಾರ್ಡಿನಲ್ಲಿ ಇದ್ದದ್ದೇ ಎರಡು ಮರ, ಅದರಲ್ಲೊಂದು ಒಣಗಿತ್ತು.

ಆ ಒಣಮರ ಸಿಸ್ಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳದೇ ವಾರ್ಡು, ಆ ಅಂಕಿಗಳೂ ಅವಳವೇ. ಬಿ.ಪಿ. ಮೆಷಿನ್ನಿನ ರಬ್ಬರ್ ಗುಂಡು ಸೀಳಿಹೋದಾಗ ಹೊಸದು ಕೊಡಿ ಎಂದು ಮೇಲಿನ ಆಫೀಸಿಗೆ ಏಳು ಅರ್ಜಿ ಬರೆದಿದ್ದಳು. ಏಳಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು, ಮೆಷಿನ್ ಬರಲಿಲ್ಲ. ಬದಲಿಗೆ ಕಂಪ್ಯೂಟರ್ ಬಂತು. ಅದು ಅತ್ತೆಗಿಂತ ಕಟ್ಟುನಿಟ್ಟು. ಬಿ.ಪಿ. ಕಲಂ ಖಾಲಿ ಬಿಟ್ಟರೆ ಕೆಂಪಗಾಗಿ ಮುಂದಿನ ಪುಟಕ್ಕೆ ಬಿಡುತ್ತಲೇ ಇರಲಿಲ್ಲ, ‘ಗೊತ್ತಿಲ್ಲ’ ಎಂದು ಬರೆದರೆ ಅಂಕಿಯೇ ಬೇಕು ಅನ್ನುತ್ತಿತ್ತು. ಸರಿ, ತಗೋ ಎಂದು ಅವಳು ನರ್ಸಿಂಗ್ ಪುಸ್ತಕದ ಮೊದಲ ಪಾಠದ ಅಂಕಿಯನ್ನೇ ಎಲ್ಲರಿಗೂ ಹಂಚಿದಳು. ವಾರ್ಡಿಗೆ ವಾರ್ಡೇ ಮೂರು ವರ್ಷ ಗುಂಡುಕಲ್ಲಿನ ಹಾಗಿತ್ತು.

ತರಗತಿ ಮುಗಿದ ಮೇಲೆ ಮೇಷ್ಟ್ರು ಕರೆದರು.

“ಅದು ನಿಮ್ಮದೇ ವಾರ್ಡ್ ಅಲ್ವಾ ಸಿಸ್ಟರ್? ಇದರ ಮೇಲೆ ಬರೆಯೋ ಸಂಶೋಧನಾ ಪ್ರಬಂಧಕ್ಕೆ ನಿಮ್ಮ ಹೆಸರೂ ಹಾಕೋಣ. ಪಾಸಾದ ಹಾಗೇ ಅಂದ್ಕೊಳ್ಳಿ. ಇಷ್ಟು ಆರೋಗ್ಯ ಇರೋ ಕಡೆ ಆಸ್ಪತ್ರೆ ಯಾಕೆ, ಮುಚ್ಚಿ ಅಂತ ಸರ್ಕಾರಕ್ಕೆ ಶಿಫಾರಸೂ ಮಾಡ್ತೀವಿ. ಶುಕ್ರವಾರ ಕಳಿಸೋದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳಿಯ ಹೆಗಲಿಗೆ ಶಾಲು ಹೊದಿಸಲು ಹೊರಟಿದ್ದರು. ಬಾಯಿ ಮುಚ್ಚಿಕೊಂಡರೆ ಪದವಿ, ಮೇಲ್ವಿಚಾರಕಿಯ ಕುರ್ಚಿ. ಬಾಯಿ ಬಿಟ್ಟರೆ ಇರುವ ಕೆಲಸಕ್ಕೂ ಕುತ್ತು. ಮುಚ್ಚು ಮರೆ ಯಾಕೆ, ಎರಡು ದಿನ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು.

ಮೂರನೇ ದಿನ ಪ್ರಬಂಧಕ್ಕಾಗಿ ಪಟ್ಟಿ ತಿದ್ದುತ್ತ ಕೂತಳು. ಹೆಸರುಗಳನ್ನು ಅಳಿಸಿದ್ದರು. ವಯಸ್ಸು, ಬೀದಿ, ತಾರೀಕು ಮಾತ್ರ ಉಳಿದಿದ್ದವು. ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ಹೆಂಗಸು, ಐವತ್ತೆರಡು, ಗಿರಣಿ ಬೀದಿ, ನೂರಿಪ್ಪತ್ತು ಬೈ ಎಂಬತ್ತು. ಆ ಬೀದಿಯಲ್ಲಿ ಆ ವಯಸ್ಸಿನ ಹೆಂಗಸು ಒಬ್ಬಳೇ, ಸಿಸ್ಟರಮ್ಮನ ಸ್ವಂತ ಅಕ್ಕ. ಆ ತಾರೀಕಾಗಿ ಹನ್ನೆರಡನೇ ದಿನಕ್ಕೆ ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಹಣೆಬರಹ ಎಂದು ಮನೆಮಂದಿಯೆಲ್ಲ ಅತ್ತರು. ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಈಗ ಪಟ್ಟಿ ಮುಚ್ಚಿಟ್ಟು ಹಳೆಯ ಏಳು ಅರ್ಜಿಗಳ ನಕಲು ಹುಡುಕಿ ತೆಗೆದಳು.

ಶುಕ್ರವಾರ ಇಡೀ ತರಗತಿಯ ಮುಂದೆ ಎದ್ದು ನಿಂತಳು.

“ಸಾರ್, ಅದು ಆರೋಗ್ಯ ಅಲ್ಲ. ಮೆಷಿನ್ ಕೆಟ್ಟಿತ್ತು. ನಾನೇ ಸುಮ್ನೆ ಬರ್ದಿದ್ದು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಒಂದೆರಡು ಸಾಲು ತಾನೇ? ತೆಗೆದ್ಬಿಡೋಣ ಬಿಡಿ.”

“ಎಲ್ಲಾ ಸಾಲೂ ಸಾರ್.”

“ಅದಕ್ಕೆ ದಾಖಲೆ ಏನಿದೆ?”

“ಏಳು ಅರ್ಜಿ ಇದೆ ಸಾರ್.”

ನಾಲ್ಕು ಸಾವಿರ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಿದವರಿಗೆ ಒಂದು ಹೆಂಗಸಿನ ಮಾತು ನಂಬಲು ಏಳು ಕಾಗದ ಬೇಕಾದವು. ಅಂತೂ ಶಿಫಾರಸು ನಿಂತಿತು, ಆಸ್ಪತ್ರೆ ಉಳಿಯಿತು. ಏಳು ಅರ್ಜಿಗೆ ಅಲುಗಾಡದ ಮೇಲಿನ ಆಫೀಸು ಮೂರೇ ದಿನಕ್ಕೆ ಅವಳಿಗೆ ವಿಚಾರಣೆಯ ನೋಟಿಸು ಕಳಿಸಿತು.

ನೋಟಿಸು ಬಂದ ಸಂಜೆ ಅವಳು ವಿಶ್ವವಿದ್ಯಾಲಯದಿಂದ ಒಂದು ಬಿ.ಪಿ. ಮೆಷಿನ್ ಕೇಳಿ ತೆಗೆದುಕೊಂಡು ಅಕ್ಕನ ಮನೆಗೆ ಹೋದಳು. ಅಕ್ಕ ಮಲಗಿದ್ದಲ್ಲಿಂದಲೇ ಎಡಗೈ ಚಾಚಿದಳು. ತೋಳಿನ ಪಟ್ಟಿ ಬಿಗಿಯಿತು, ಸಡಿಲವಾಯಿತು.

“ಎಷ್ಟಿದೆಯೇ?” ಅಕ್ಕನಿಗೆ ಮಾತು ತೊದಲುತ್ತಿತ್ತು.

“ನೂರ ಎಪ್ಪತ್ತಿದೆ ಅಕ್ಕ. ನಾಳೆ ಡಾಕ್ಟ್ರ ಹತ್ರ ಹೋಗೋಣ.”

“ಕಾಯಿಲೆ ಬೀಳೋಕೆ ಮುಂಚೆ, ನನ್ನ ಕೈ ಹಿಡಿದು ನೋಡಿ, ಎಲ್ಲಾ ಸರಿಯಾಗಿದೆ ಅಂದಿದ್ಯಲ್ಲೇ?”

ನಲವತ್ತು ಜನರ ಮುಂದೆ ಎದ್ದು ನಿಂತು ಹೇಳಿದವಳು ಈ ಒಬ್ಬಳ ಮುಂದೆ ಹಾಸಿಗೆಯ ಪಕ್ಕ ನೆಲಕ್ಕೆ ಕೂತಳು.

“ಬಿ.ಪಿ. ನೋಡೇ ಇರ್ಲಿಲ್ಲ ಅಕ್ಕ.”