ಗೇಟಿನ ಮುಂದೆ ನಿಲ್ಲದ ಗಾಡಿ

ಡಾಂಬರಿನ ವಾಸನೆ ಬಂದರೆ ನಿಮಗೆ ಹೊಸ ರಸ್ತೆ ನೆನಪಾಗಬಹುದು. ನನಗೆ ಕೊಂಬು ಮುರಿದ ಎತ್ತು ನೆನಪಾಗುತ್ತದೆ, ಅದರ ಹಿಂದೆಯೇ ನಮ್ಮವರು. ಕಳೆದ ರವಿವಾರ ಯಾದಗಿರಿಯ ಒಂದು ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ಮೆಕ್ಯಾನಿಕ್ ಖಾಜಾಸಾಬ ನಮ್ಮ ಹಳೆಯ ಮೋಟರ್ ಸೈಕಲ್ಲಿನ ಪೆಟ್ರೋಲ್ ಟಾಕಿ ಬಿಚ್ಚಿ ಪಕ್ಕಕ್ಕಿಟ್ಟು, ಕಾರ್ಬೋರೇಟರಿನ ಕುತ್ತಿಗೆಗೆ ಸುತ್ತಿದ್ದ ಕಪ್ಪು ಪಟ್ಟಿಯನ್ನು ಬ್ಲೇಡಿನಿಂದ ಸೀಳಿದ. ಪೆಟ್ರೋಲೂ ಡಾಂಬರೂ ಕೂಡಿದ ವಾಸನೆ ಎದ್ದು ನನ್ನ ಕುರ್ಚಿಯವರೆಗೆ ಬಂತು. ನಾನು ಸೆರಗು ತೆಗೆದೆ.

"ಅಮ್ಮಾರ, ಇದನ್ನ ಯಾರು ಕಟ್ಯಾರ್ರಿ?" ಎಂದು ಕೇಳಿದ.

"ನಮ್ಮ ಮನಿಯವರ್ರಿ."

"ಏನ್ ಕೆಲಸ ಮಾಡ್ತಿದ್ರು?"

"ದನದ ದವಾಖಾನ್ಯಾಗ ಕಂಪೌಂಡರ್ ಇದ್ರು."

ಅವನು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. "ಅದಕ್ಕ ಮತ್ತ," ಎಂದ, ನಕ್ಕ.

ಗಾಡಿಯ ಸಂಗತಿಯಲ್ಲಿ ನಾನು ನಿಮಗಿಂತ ಜಾಣೆಯೇನಲ್ಲ. ಮಗಳು ಗಿರಿಜಾ ಸುರಪುರದಿಂದ ಫೋನು ಮಾಡಿ, "ಅವ್ವಾ, ಅಪ್ಪನ ಗಾಡೀದು ಬೂಟ್ ಎರಡೂ ಹರದಾವ, ಹೊಸಾವು ತರಸಾಕತ್ತೇನಿ," ಎಂದಾಗ ನಾನು ಎದ್ದು ಹೋಗಿ ಕಪಾಟಿನ ಕೆಳಗಿದ್ದ ಅವರ ಬೂಟುಗಳನ್ನು ತೆಗೆದು ನೋಡಿದವಳು. ಅಂಗಾಲು ಗಟ್ಟಿಯಾಗಿಯೇ ಇತ್ತು. "ಚಲೋ ಅದಾವಲ್ಲ, ಹೊಸಾವು ಯಾತಕ್ಕ? ಹಾಕ್ಕೊಳ್ಳೋರ ಯಾರು ಅದಾರ?" ಎಂದೆ. ಅವಳು, ಬೂಟು ಅಂದರೆ ಕಾರ್ಬೋರೇಟರಿನ ಎರಡೂ ಕಡೆ ಇರುವ ರಬ್ಬರಿನ ಕೊಳವೆ, ಒಂದು ಎಂಜಿನ್ನಿಗೆ ಹೋಗುವುದು, ಇನ್ನೊಂದು ಗಾಳಿ ಬರುವುದು ಎಂದು ತನ್ನ ಶಾಲೆಯ ಹುಡುಗರಿಗೆ ಹೇಳಿದಂತೆ ಹೇಳಿದಳು. ಅವಳು ಅಲ್ಲಿ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಾಳೆ. ಮದುವೆಯ ಮಾತು ತೆಗೆದರೆ ಹೆಲ್ಮೆಟ್ ಹಾಕಿಕೊಳ್ಳುತ್ತಾಳೆ.

ಆ ರಬ್ಬರು ನಮ್ಮ ಕಡೆಯ ಬಿಸಿಲಿಗೆ ಒಣಗಿ ಬಿರುಕು ಬಿಟ್ಟರೆ, ಕರೆಯದ ಗಾಳಿ ಒಳಗೆ ನುಗ್ಗುತ್ತದೆ. ಅಂಬಲಿಗೆ ನೀರು ಹೆಚ್ಚಾದ ಹಾಗೆ ಪೆಟ್ರೋಲು ತೆಳ್ಳಗಾಗಿ, ಗಾಡಿ ತಾನಾಗಿ ಚೀರತೊಡಗುತ್ತದೆ. ಎಕ್ಸಿಲೇಟರ್ ಬಿಟ್ಟರೂ ಸದ್ದು ಇಳಿಯುವುದಿಲ್ಲ. ಇದಕ್ಕೆ ನಮ್ಮ ಕಡೆ "ಗಾಡಿ ಹವಾ ತಿನ್ನಾಕತ್ತದ" ಎನ್ನುತ್ತಾರೆ. ನಮ್ಮ ಗಾಡಿ, ನಾನು ಕಂಡಂತೆ, ಜೀವಮಾನವಿಡೀ ಹವಾ ತಿಂದೇ ಬದುಕಿತು.

ನಮ್ಮವರು ಕಾಗದದ ಮೇಲೆ ಕಂಪೌಂಡರ್. ಗೋಗಿ, ಸಗರ, ದೋರನಹಳ್ಳಿಯ ರೈತರಿಗೆ ಡಾಕ್ಟರ್. ಆ ಹೆಸರನ್ನು ಅವರು ಒಮ್ಮೆಯೂ ತಿದ್ದಲಿಲ್ಲ, ಮನೆಯಲ್ಲಿ ನಾನೇ ಆಗಾಗ ತಿದ್ದುತ್ತಿದ್ದೆ. ಎತ್ತು ಜಗಳಾಡಿ ಕೊಂಬು ಮುರಿದುಕೊಂಡರೆ ಗಾಯಕ್ಕೆ ಡಾಂಬರು ಸವರಿ, ಬಟ್ಟೆಯ ಪಟ್ಟಿ ಸುತ್ತಿ, ಮೇಲೆ ಮತ್ತೆ ಡಾಂಬರು ಬಳಿಯುವುದು ಅವರ ಕೈಗೆ ಕೂತ ಕೆಲಸ. ನೊಣ ಕೂಡುವುದಿಲ್ಲ, ನೀರು ಇಳಿಯುವುದಿಲ್ಲ. ಗಾಡಿಯ ರಬ್ಬರು ಮೊದಲ ಸಲ ಬಿರಿದಾಗ ಅದನ್ನೂ ಒಂದು ಕೊಂಬು ಎಂದೇ ತಿಳಿದು ಕಟ್ಟಿಬಿಟ್ಟರು. ಆದರೆ ಕೊಂಬಿನ ಮೇಲೆ ಯಾರೂ ಪೆಟ್ರೋಲು ಚೆಲ್ಲುವುದಿಲ್ಲವಲ್ಲ. ಇಲ್ಲಿ ಕಾರ್ಬೋರೇಟರು ತೊಟ್ಟಿಕ್ಕಿದಂತೆಲ್ಲ ಡಾಂಬರು ಕರಗಿ ಅವರ ಪ್ಯಾಂಟಿನ ಮೇಲೆ ಇಳಿಯುತ್ತಿತ್ತು, ಪ್ಯಾಂಟಿನಿಂದ ನನ್ನ ಒಗೆಯುವ ಕಲ್ಲಿಗೆ. ವಾರದ ಕೊನೆಗೆ ಮತ್ತೆ ಹೊಸ ಪಟ್ಟಿ. "ಪೇಶಂಟ್ ಸುಧಾರಿಸ್ಯಾದ," ಎಂದು ಕೈ ಒರೆಸಿಕೊಳ್ಳುತ್ತಿದ್ದರು. ಬುಧವಾರದ ಹೊತ್ತಿಗೆ ಪೇಶಂಟು ಮತ್ತೆ ಚೀರುತ್ತಿತ್ತು.

ಶಹಾಪುರದಲ್ಲಿ ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಗೇಟಿನ ಮುಂದೆ ಏರು. ಹವಾ ತಿಂದ ಗಾಡಿಯನ್ನು ಏರಿನಲ್ಲಿ ಕ್ಲಚ್ಚು ಹಿಡಿದು ನಿಲ್ಲಿಸಿಕೊಂಡರೆ ಅದು ಯಾವಾಗ ಎಗರುತ್ತದೋ ಎಂಬ ಹೆದರಿಕೆ. ಬಂದ್ ಮಾಡಿದರೆ ಕಾವು ಆರುವವರೆಗೂ ಚಾಲೂ ಆಗದು. ಹಳ್ಳಿಗಳಲ್ಲಿ ತಳ್ಳಲು ನಾಲ್ಕು ಜನ ಸಿಗುತ್ತಿದ್ದರು, ಇಲ್ಲಿ ಸಿಗುವವಳು ನಾನೊಬ್ಬಳೇ. ಹೀಗಾಗಿ ಅವರು ಬರುವ ಮೊದಲೇ ಗೇಟು ತೆರೆದಿರಬೇಕು. ಸಂಜೆ ಮುಖ್ಯ ರಸ್ತೆ ತಿರುಗಿದ ಕೂಡಲೇ ಅದರ ಕೂಗು ಗುಡ್ಡಕ್ಕೆ ಬಡಿದು ನನ್ನ ಅಡಿಗೆ ಮನೆಗೆ ಬರುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ಚಿಲಕ ಎಳೆಯುವುದಕ್ಕೂ ಗಾಡಿ ಒಳಗೆ ನುಗ್ಗುವುದಕ್ಕೂ ಸರಿಹೋಗುತ್ತಿತ್ತು. ನಮ್ಮ ಮನೆಯ ಚಿಲಕಕ್ಕೆ ಎಷ್ಟು ಜೋಳದ ಹಿಟ್ಟು ಮೆತ್ತಿತ್ತು ಎಂದರೆ, ಇರುವೆಗಳು ಅಲ್ಲಿಯೇ ಸಂಸಾರ ಹೂಡಿದ್ದವು.

ಗೇಟು ಮುಚ್ಚಿದ್ದರೆ? ನಿಲ್ಲುವ ಹಾಗಿಲ್ಲ. ಓಣಿಯ ತುದಿಯ ಹಣಮಪ್ಪನ ಗುಡಿ ಸುತ್ತು ಹಾಕಿ ಮತ್ತೆ ಬರುತ್ತಿದ್ದರು. ಆಗಲೂ ಮುಚ್ಚಿದ್ದರೆ ಇನ್ನೊಂದು ಸುತ್ತು. ಗುಡಿಯೊಳಗೆ ಎಂದೂ ಕಾಲಿಡದ ಮನುಷ್ಯ. ಎದುರು ಮನೆಯ ಸಿದ್ದಮ್ಮ ಕಟ್ಟೆಯ ಮೇಲಿಂದಲೇ ಕೂಗಿ ಹೇಳುತ್ತಿದ್ದಳು, "ಅಕ್ಕಾರ, ನಿಮ್ಮ ಡಾಕ್ಟರು ಹಣಮಪ್ಪಗ ಪ್ರದಕ್ಷಿಣಿ ಹಾಕಾಕತ್ಯಾರ, ಜಲ್ದಿ ಬರ್ರಿ."

ಒಮ್ಮೆ ಏನೋ ಮಾತಿಗೆ ಮಾತು ಬೆಳೆದು, ಆ ಸಂಜೆ ನಾನು ಬೇಕೆಂದೇ ಏಳಲಿಲ್ಲ. ಗಾಡಿ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಓಣಿಯ ನಾಯಿಗಳೆಲ್ಲ ಹಿಂದೆ ಹತ್ತಿದವು. ಕಡೆಗೆ ನಗು ತಡೆಯಲಾರದೆ ಎದ್ದು ಓಡಿ ತೆರೆದೆ. ಊಟಕ್ಕೆ ಕೂತಾಗ, "ಹೊಸಾ ರಬ್ಬರ್ ಹಾಕ್ಸಿದ್ರ ನಿಮ್ಮ ಗಂಟೇನು ಹೋಗ್ತದ್ರಿ?" ಎಂದು ಕೇಳಿದೆ.

ಅವರು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದರು: "ಹೊಸಾವು ಹಾಕ್ಸಿದ್ರ ಗಾಡಿ ಸುಮ್ಮನ ನಿಂದರ್ತದ. ನೀ ಎದ್ದು ಓಡಿ ಬರಂಗಿಲ್ಲ."

ಜಿಪುಣರ ಮಾತು ಎಂದು ನಾನು ಮುಖ ತಿರುವಿದೆ. ಈಗ ಆ ಮಾತನ್ನು ದಿನಕ್ಕೊಮ್ಮೆಯಾದರೂ ತೆಗೆದು ನೋಡುತ್ತೇನೆ.

ಅವರು ಹೋದ ಮೇಲೆ ನನಗೆ ಸಂಜೆಗಳೇ ಕಷ್ಟವಾದವು. ಹಗಲು ಹೇಗೋ ಜನ, ಕೆಲಸ. ಹೊತ್ತು ಇಳಿಯುತ್ತಲೂ ಕಿವಿ ತಾನಾಗಿ ರಸ್ತೆಯ ಕಡೆ ಹೋಗುತ್ತಿತ್ತು. ಗಾಡಿ ಅಂಗಳದ ತಗಡಿನ ಕೆಳಗೆ ನಿಂತಿತ್ತು. ಅದನ್ನು ಮತ್ತೆ ಚಾಲೂ ಮಾಡಿದವಳು ಗಿರಿಜಾ, ರವಿವಾರ ರಜೆಗೆ ಬಂದಾಗ. ಅದು ಚೀರಿದ್ದೇ ತಡ, ಒಳಗೆ ನನ್ನ ಕೈಯ ಲೋಟ ಜಾರಿತು. ಅಂದಿನಿಂದ ಒಂದು ರೂಢಿಯಾಯಿತು. "ಹಣಮಪ್ಪನ ಗುಡಿ ತನಕ ಹೋಗಿ ಬಾ," ಎನ್ನುತ್ತಿದ್ದೆ. "ಯಾಕವ್ವಾ?" ಎಂದರೆ, "ಬ್ಯಾಟರಿ ಚಾರ್ಜ್ ಆಗಲಿ." ಅವಳು ಅತ್ತ ಹೋಗುತ್ತಲೇ ನಾನು ಗೇಟು ಮುಚ್ಚಿ, ಅಡಿಗೆ ಮನೆಗೆ ಬಂದು ಒಲೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಕೂಗು. ನಾನು ಓಡುತ್ತಿದ್ದೆ. ಒಲೆಯಿಂದ ಚಿಲಕದವರೆಗಿನ ಆ ಅಷ್ಟು ದೂರ ಅವರು ಬರುತ್ತಿದ್ದರು, ನಿಜವಾಗಿಯೂ ಬರುತ್ತಿದ್ದರು. ಗೇಟು ತೆರೆದ ಮೇಲೆ ನಾನು ಗಾಡಿಯ ಕಡೆ ನೋಡದೆ ಒಳಗೆ ತಿರುಗಿಬಿಡುತ್ತಿದ್ದೆ. ನಗಬೇಡಿ, ನೀವೂ ಯಾವುದಾದರೂ ಸದ್ದಿಗೆ ಹೀಗೆ ಎದ್ದಿರುತ್ತೀರಿ.

ಒಂದು ರವಿವಾರ ಓಣಿಯಲ್ಲಿ ಕರುವೊಂದು ಅಡ್ಡ ಬಂತು. ಗಿರಿಜಾ ಎಕ್ಸಿಲೇಟರ್ ಬಿಟ್ಟರೂ ಗಾಡಿ ಬಿಡಲಿಲ್ಲ. ಕರುವನ್ನು ತಪ್ಪಿಸಿ ಗೇಟಿನ ಕಂಬಕ್ಕೆ ಗುದ್ದಿದಳು. ಮೊಣಕೈ ಕೆತ್ತಿ ರಕ್ತ ಸುರಿಯಿತು. ಅರಿಷಿಣ ಹಚ್ಚಿಸಿಕೊಳ್ಳುತ್ತ ಹಲ್ಲು ಕಚ್ಚಿ ಹೇಳಿದಳು, "ರಬ್ಬರ್ ಹಾಕ್ಸೂಣವ್ವಾ. ಇಲ್ಲಾಂದ್ರ ನಾ ಇನ್ನ ಈ ಗಾಡಿ ಮುಟ್ಟಂಗಿಲ್ಲ."

"ಅವು ಈಗ ಎಲ್ಲಿ ಸಿಗತಾವ, ಬಿಡು," ಎಂದೆ. ಸಿಗದಿರಲಿ ಎಂದೇ ನನ್ನ ಆಸೆ. ಹೊಸ ರಬ್ಬರು ಬಂದರೆ ಆ ಕೂಗು ಹೋಗುತ್ತದೆ, ಬರದಿದ್ದರೆ ಇನ್ನೊಮ್ಮೆ ಮಗಳ ಕೈಯೋ ಕಾಲೋ ಹೋಗುತ್ತದೆ. ಯಾವ ತಾಯಿಗೂ ಇದರಲ್ಲಿ ಯೋಚಿಸುವಂಥದ್ದೇನಿಲ್ಲ, ಆದರೂ ನಾನು ವಾರಗಟ್ಟಲೆ ಯೋಚಿಸಿದೆ. ಅವಳು ಮೊಬೈಲಿನಲ್ಲೇ ಹುಡುಕಿ, ಯಾವುದೋ ಊರಿನಿಂದ ತರಿಸಿಬಿಟ್ಟಳು.

ಗ್ಯಾರೇಜಿನಲ್ಲಿ ಆ ಹೊಸ ಬೂಟುಗಳು ಗಟ್ಟಿಯಾಗಿದ್ದು ಬಾಯಿಗೆ ಕೂಡಲೊಲ್ಲವು. ಖಾಜಾಸಾಬ ಪಕ್ಕದ ಚಹಾದಂಗಡಿಯಿಂದ ಒಂದು ಡಬರಿ ಕುದಿಯುವ ನೀರು ತಂದು ಅದರಲ್ಲಿ ಮುಳುಗಿಸಿಟ್ಟ. ಮೆತ್ತಗಾದ ಮೇಲೆ ಒತ್ತಿ ಕೂಡಿಸಿ ಕಬ್ಬಿಣದ ಪಟ್ಟಿ ಬಿಗಿದ. ಕಿಕ್ಕು ಹೊಡೆದ. ಗಾಡಿ ಒಮ್ಮೆ ಕೆಮ್ಮಿ, ಸಣ್ಣಗೆ, ಸಮನಾಗಿ ಗುಡುಗುಡು ಎನ್ನತೊಡಗಿತು. ಎಕ್ಸಿಲೇಟರ್ ಬಿಟ್ಟರೆ ಚೀರಲೂ ಇಲ್ಲ, ಆರಲೂ ಇಲ್ಲ, ಅದೇ ಸದ್ದಿನಲ್ಲಿ ನಿಂತಿತು.

"ನೋಡ್ರಿ ಅಮ್ಮಾರ, ಈಗ ಸ್ಲೋದಾಗ ಹೆಂಗ ನಿಂತದ," ಎಂದ ಖಾಜಾಸಾಬ. ಅವನ ಪಕ್ಕದಲ್ಲಿ ನಿಂತಿದ್ದ ಗಿರಿಜಾ ನನ್ನ ಮುಖ ನೋಡುತ್ತಿದ್ದಳು. ನಾನು ಹೂಂ ಎಂದೆ. ಇಷ್ಟು ದಿನ ಉಳಿದಿದ್ದ ಅವರ ಚೂರೊಂದು ನನ್ನ ಕಣ್ಣೆದುರೇ, ನನ್ನ ಒಪ್ಪಿಗೆಯಿಂದಲೇ ಹೋಯಿತು ಎನ್ನಿಸಿತು.

ಇನ್ನೂ ಏನೋ ಬಿಗಿಯುವುದಿತ್ತು. ಗಾಡಿ ತರಲು ಗಿರಿಜಾಳನ್ನು ಅಲ್ಲೇ ಬಿಟ್ಟು, ನಾನು ಮೊದಲು ಬಸ್ಸು ಹತ್ತಿ ಬಂದೆ. ಭೀಮೆಯ ಸೇತುವೆ ದಾಟುವಾಗ, ದೋರನಹಳ್ಳಿ ದಾಟುವಾಗ ಕಿಟಕಿಯಿಂದ ಹಿಂದೆ ನೋಡಿದೆ, ಅವಳ ಸುಳಿವಿರಲಿಲ್ಲ. ಮನೆಗೆ ಬಂದು ಗೇಟು ಮುಚ್ಚಿ, ಹಿಟ್ಟು ನಾದಲು ಕೂತೆ. ಕಿವಿ ರಸ್ತೆಯ ಕಡೆಗೇ. ಹೊತ್ತು ಇಳಿಯಿತು. ಗುಡ್ಡದಿಂದ ಏನೂ ಬರಲಿಲ್ಲ. ಮಗಳು ಎಲ್ಲಿ ಹೋದಳೋ ಎಂದು ನಾದಿದ ಹಿಟ್ಟನ್ನೇ ಮತ್ತೆ ಮತ್ತೆ ನಾದಿದೆ.

"ಅವ್ವಾ," ಎಂದು ಹೊರಗಿನಿಂದ ಕರೆದದ್ದು ಕೇಳಿಸಿತು.

ನಾನು ದಡಕ್ಕನೆ ಎದ್ದು ಓಡಿದೆ. ಅವಳು ಅಲ್ಲಿಂದಲೇ, "ಸಾವಕಾಶ ಬಾ, ಓಡಬ್ಯಾಡ. ನಿಂತದ ಇದು," ಎಂದಳು.

ಅಂಗಳದಲ್ಲಿ ನನ್ನ ಕಾಲು ನಿಧಾನವಾದವು. ಮದುವೆಯಾಗಿ ಬಂದ ಮೇಲೆ ಆ ಗಾಡಿಗೆ ಗೇಟು ತೆರೆಯಲು ನಾನು ಓಡದೆ ನಡೆದುಕೊಂಡು ಹೋದದ್ದು ಅದೇ ಮೊದಲು. ಏರಿನ ಮೇಲೆ ಗಾಡಿ ಸಣ್ಣ ಸದ್ದಿನಲ್ಲಿ ನಿಂತಿತ್ತು, ಎಷ್ಟು ಹೊತ್ತಾದರೂ ನಿಲ್ಲುವ ಹಾಗೆ. ಅವರು ಇನ್ನು ಬರುವುದಿಲ್ಲ ಎಂಬುದು, ಅವರನ್ನು ಮಣ್ಣು ಮಾಡಿದ ದಿನ ತಿಳಿಯದ್ದು, ಆಗ ತಿಳಿಯಿತು. ಕಂಬಿಗಳ ಆಚೆ ಒಬ್ಬ ಹುಡುಗಿ ಹೆಲ್ಮೆಟ್ ತೆಗೆದು ಟಾಕಿಯ ಮೇಲಿಟ್ಟುಕೊಂಡು ಕೂತಿದ್ದಳು. ಹುಬ್ಬಿನ ಮೇಲೆ ಯಾದಗಿರಿ ರಸ್ತೆಯ ಧೂಳು, ಮೊಣಕೈಯ ಗಾಯ ಒಣಗಿ ಕಪ್ಪಾಗಿತ್ತು. ಪ್ರತಿ ರವಿವಾರ ಬಂದವಳು ಇವಳೇ. ನಾನು ಗೇಟು ತೆರೆಯುತ್ತಿದ್ದದ್ದು ಬೇರೆಯವರಿಗೆ.

ಚಿಲಕ ಎಳೆದೆ. ಈ ಸಲ ಒಳಗೆ ತಿರುಗಲಿಲ್ಲ.

"ಬಾ ಗಿರಿಜಾ," ಎಂದೆ.