ಕ್ರಿಸ್ಟಿನಾ ಬರೆದುಕೊಟ್ಟ ಹೊಲ

ವೈಜಯಂತಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಬೆಳಿಗ್ಗೆ ದೆಹಲಿ ವಿಶ್ವವಿದ್ಯಾಲಯದ ಲೈಬ್ರರಿ, ಮಧ್ಯಾಹ್ನ ಮುಖರ್ಜಿ ನಗರದ ಕೋಚಿಂಗ್ ಸೆಂಟರಿನಲ್ಲಿ ಇತಿಹಾಸದ ಪಾಠ ಹೇಳುವುದು, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅವಳ ತುಟಿ ಲ್ಯಾಟಿನ್ ಕ್ರಿಯಾಪದ ಗುನುಗುತ್ತಿತ್ತು. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದ್ದಳು. ವಿಷಯ: ಹದಿಮೂರನೆಯ ಶತಮಾನದ ಸ್ಕಾಟ್ಲೆಂಡಿನ ವಿಧವೆಯರು ಮತ್ತು ಅವರ ಭೂಮಿ. ಆ ಕಾಲದ ಪತ್ರಗಳೆಲ್ಲ ಲ್ಯಾಟಿನ್ನಿನಲ್ಲಿದ್ದವು.

“ಹಂಪಿ ಬಿಟ್ಟು ಅಲ್ಲಿಗ್ಯಾಕ್ರೀ ಹೋದಿರಿ?” ಎಂದು ದೆಹಲಿಯ ಕನ್ನಡಿಗರು ಕೇಳುತ್ತಿದ್ದರು. ನಮ್ಮ ನೆಲದ ಇತಿಹಾಸ ಓದುವಾಗ ತಾನು ಯಾರ ಪರ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಅಲ್ಲಿ ಹಾಗಿಲ್ಲ ಎಂದು ವಿವರಿಸಿ ಸಾಕಾಗಿ, ಈಗೀಗ ಬರೀ ನಗುತ್ತಿದ್ದಳು.

೨೦೦೪ರಲ್ಲಿ ಪ್ರಬಂಧ ಮುಗಿಯುತ್ತ ಬಂತು. ಅದರ ಮುಖ್ಯ ಅಧ್ಯಾಯ ಕ್ರಿಸ್ಟಿನಾ ಎಂಬ ವಿಧವೆಯದು. ಅವಳು ಹೊಳೆದಂಡೆಯ ಹೊಲವನ್ನು ಸನ್ಯಾಸಿಗಳ ಮಠಕ್ಕೆ ದಾನ ಕೊಟ್ಟಿದ್ದಳು. ಆ ಕಾಲದ ವಿಧವೆಯರು ಎಷ್ಟು ಸ್ವತಂತ್ರರಾಗಿದ್ದರು ಎನ್ನುವುದಕ್ಕೆ ವೈಜಯಂತಿ ಅದನ್ನೇ ಆಧಾರ ಮಾಡಿಕೊಂಡಿದ್ದಳು.

ಒಂದು ಭಾನುವಾರ ಅವಳು ಅದನ್ನು ತಿದ್ದುತ್ತ ಕೂತಿದ್ದಾಗ, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಶಾರದಮ್ಮ ಕೇಳಿದರು, “ಏನೇ ಅದು? ನನಗೂ ಸ್ವಲ್ಪ ಹೇಳು.”

“ಒಬ್ಬ ಹೆಂಗಸು ಅತ್ತೆ. ಗಂಡ ಸತ್ತ ವರ್ಷವೇ ಹೊಲ ದಾನ ಕೊಟ್ಟಿದ್ದಾಳೆ. ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ಅಂತ ಬರೆದಿದೆ.”

ಶಾರದಮ್ಮನ ಕೈ ನಿಂತಿತು. “ನನ್ನ ಹತ್ರಾನೂ ಹೊಲ ಹಾಗೇ ಬರೆಸಿಕೊಂಡರು. ನಿನ್ನ ಮಾವ ತೀರಿಕೊಂಡ ವರ್ಷ, ಅವರ ಅಣ್ಣ. ಸ್ವಇಚ್ಛೆಯಿಂದ ಅಂತಲೇ ಇತ್ತು. ಏಕನಾಥನ್ನ ತೊಡೆ ಮೇಲೆ ಕೂರಿಸಿಕೊಂಡು ರುಜು ಹಾಕಿದೆ.”

ವೈಜಯಂತಿಯ ಗಂಡ ಏಕನಾಥ ಪೇಪರು ಕೆಳಗಿಟ್ಟ. “ಅಮ್ಮಾ, ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಏನು ಮಾಡ್ತಿದ್ದೆ?” ಎಂದು ಅವರು ಮತ್ತೆ ಸೊಪ್ಪು ಕೈಗೆತ್ತಿಕೊಂಡರು.

ಅಲ್ಲಿಂದಾಚೆ ವೈಜಯಂತಿಗೆ ಪಾಠದ ನಡುವೆ ಮಾತು ತಪ್ಪತೊಡಗಿತು. ಬಸ್ಸಿನಲ್ಲಿ ಇಳಿಯುವ ಸ್ಟಾಪು ದಾಟಿಹೋಗುತ್ತಿತ್ತು. ಕೊನೆಗೆ ದಾನಪತ್ರಗಳ ಸಂಪುಟವನ್ನು ಮೊದಲಿನಿಂದ ಓದಿದಳು. ಬೇರೆ ವಿಧವೆಯರ ಪತ್ರಗಳಲ್ಲಿ ಅಪ್ಪನೋ ಅಣ್ಣನೋ ಸಾಕ್ಷಿಯಾಗಿದ್ದರು. ಕ್ರಿಸ್ಟಿನಾಳ ಪತ್ರದಲ್ಲಿದ್ದವರೆಲ್ಲ ಮಠದವರು, ಗಂಡನ ತಮ್ಮಂದಿರು. ತವರಿನವರು ಒಬ್ಬರೂ ಇರಲಿಲ್ಲ. ಇಷ್ಟು ದಿನ ಇದು ತನ್ನ ಕಣ್ಣಿಗೇಕೆ ಬೀಳಲಿಲ್ಲ?

ಅಧ್ಯಾಯ ಬದಲಿಸಬೇಕೆಂದು ಕಾರಣ ಹೇಳಿದಾಗ ಗೈಡ್ ಸಿಡುಕಿದರು. “ನಿಮ್ಮ ಅತ್ತೆ ಹೇಳಿದ್ದು ಸ್ಕಾಟ್ಲೆಂಡಿಗೆ ಪುರಾವೆ ಆಗುತ್ತದೆಯೇ?”

“ಇಲ್ಲ ಸರ್, ಅವರ ಮಾತು ಬರೆಯುವುದಿಲ್ಲ. ಆದರೆ ಕೇಳಿಸಿಕೊಂಡ ಮೇಲೆ ಮೊದಲಿನ ಹಾಗೆ ಬರೆಯಲಾರೆ.”

ಬಲವಂತವಿತ್ತೆಂದು ಸಾಧಿಸುವುದು ಅವಳಿಂದಾಗಲಿಲ್ಲ. ‘ಸ್ವಇಚ್ಛೆ’ ಎಂಬ ಪದವೊಂದನ್ನೇ ನಂಬುವಂತಿಲ್ಲ ಎಂದಷ್ಟೇ ಬರೆದಳು. ಅಷ್ಟು ಬರೆಯುವುದಕ್ಕೆ ಅರ್ಧ ಪ್ರಬಂಧ ಕೆಡವಬೇಕಾಯಿತು. ಪದವಿ ಸಿಕ್ಕಾಗ ೨೦೦೭.

“ಅಜ್ಜೀ, ಅಮ್ಮ ಡಾಕ್ಟರ್ ಬನ್ ಗಯೀ!” ಎಂದು ಮಗಳು ಧನ್ಯಾ ಬಾಗಿಲಲ್ಲೇ ಕೂಗಿದಳು.

ಶಾರದಮ್ಮ ಸೊಸೆಯ ಬಾಯಿಗೆ ಪೇಡೆ ಹಾಕಿ ಕೇಳಿದರು, “ಅದಿರಲಿ, ಹೊಲ ಕೊಟ್ಟ ಮೇಲೆ ಆ ಹುಡುಗಿ ಎಲ್ಲಿಗೆ ಹೋದಳು? ಹೊಟ್ಟೆಗೇನು ಮಾಡಿದಳು?”

ವೈಜಯಂತಿಗೆ ಗೊತ್ತಿರಲಿಲ್ಲ. ಮುಂದಿನ ವಾರವೇ ಮತ್ತೆ ಲೈಬ್ರರಿಗೆ ಹೊರಟಳು. ಸಂಪುಟದ ಮೇಲೆ ಸಂಪುಟ ತಿರುವಿದರೂ ಆ ಹೆಸರು ಮತ್ತೆಲ್ಲೂ ಸಿಗಲಿಲ್ಲ. ದಿನಾ ಸಂಜೆ ಅವಳು ಬಂದಾಗ “ಸಿಕ್ಕಳೇನೇ?” ಎಂದು ಶಾರದಮ್ಮ ಕೇಳುವುದನ್ನೂ ಬಿಡಲಿಲ್ಲ.