ಪರದೆಯ ಮೇಲಿನ ‘ಅಮ್ಮಾ’

ತೆಲಂಗಾಣ ಚಳವಳಿಯ ಕಾಲದಲ್ಲಿ ನಾನು ಜಹೀರಾಬಾದಿನ ಒಂದು ನಾಟಕ ತಂಡದಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದೆ. ಹೋರಾಟದಲ್ಲಿ ಸತ್ತ ಹುಡುಗನೊಬ್ಬನ ಮೇಲೆ, ಬೀದರ ಗಡಿಯ ನಾಗಲಗಿದ್ದ ಎಂಬ ಊರಿನ ಕಡೆಯ ಕನ್ನಡ ಮನೆಮಾತಿನವನ ಮೇಲೆ, ತೆಲುಗು ನಾಟಕ ಕಟ್ಟಿದ್ದೆವು. ನಮ್ಮ ಕಂಪ್ಯೂಟರಿನವನು ಆ ಹುಡುಗನ ಫೋಟೊಗೆ ಅನಿಮೇಷನ್ ಮಾಡಿ ಕಣ್ಣು, ತುಟಿ, ಕೈ ಆಡಿಸಿದ್ದ. ವೇದಿಕೆಯ ಹಿಂದಿನ ಬಿಳಿ ಪರದೆಯ ಮೇಲೆ ಸತ್ತವನು ಆಳೆತ್ತರ ನಿಂತು ಮಾತಾಡುತ್ತಿದ್ದ. ದನಿ ಮಾತ್ರ ನಮ್ಮ ಹಾರ್ಮೋನಿಯಂನವನದು.

ನಾರಾಯಣಖೇಡದ ಆಟಕ್ಕೆ ನಿರ್ದೇಶಕರು ಹುಡುಗನ ತಾಯಿಯನ್ನೇ ಕರೆತಂದು, ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಕೈಗೆ ಮೈಕ್ ಕೊಟ್ಟರು. “ಆಕಿ ಮಾರಿ ಮ್ಯಾಲ ಬೆಳಕ ಬಿಡು, ಕಣ್ಣೀರ ಕಾಣಬೇಕು” ಎಂದು ನನಗೆ ತಾಕೀತು ಮಾಡಿದರು.

ಪರದೆಯ ಮೇಲಿನ ಹುಡುಗ ಎರಡೂ ಕೈ ಚಾಚಿ “ಅಮ್ಮಾ” ಎಂದ. ಮುದುಕಿ ಅಳಲಿಲ್ಲ. ಹಿಂದಕ್ಕೆ ತಿರುಗಿ ಅವನನ್ನು ನೋಡಿ, ಮೈಕಿನಲ್ಲೇ ಕೇಳಿದಳು:

“ಇಂವ ಯಾರ್ರೀ? ನನ್ನ ಮಗ ನನಗ ಅವ್ವಾ ಅಂತಿದ್ದ.”

ಜನ ಗೊಳ್ಳೆಂದು ನಕ್ಕರು. ನನ್ನ ದೀಪ ಇನ್ನೂ ಅವಳ ಮುಖದ ಮೇಲೇ ಇತ್ತು.

ಆಟ ಮುಗಿದ ಮೇಲೆ ನಾನು ನಿರ್ದೇಶಕರಿಗೆ ಹೇಳಿದೆ: “ಒಂದೇ ಶಬ್ದ ಅದರಿ. ಅವ್ವಾ ಅಂತ ಮಾಡಿಸ್ರಿ.”

“ಮಗ ಬರೋಬರಿ ಮಾಡ್ಯಾನ” ಎಂದರು ಅವರು. “ಮುದುಕೀನೇ ಕೆಡಿಸ್ಯಾಳ.”

ಮಗನಂತೆ! ಆ ಗೊಂಬೆಗೆ ಅವರು ಮಗ ಎನ್ನುತ್ತಿದ್ದರು.

ತಾಂಡೂರಿನ ಆಟದಲ್ಲಿ ‘ಅಮ್ಮಾ’ ಹಾಗೆಯೇ ಉಳಿದಿತ್ತು. ಬದಲಾದವಳು ತಾಯಿ. ಅವಳನ್ನೂ ಕಂಪ್ಯೂಟರಿನಲ್ಲೇ ಮಾಡಿಸಿದ್ದರು. ಮಗ ಕರೆದ ಕೂಡಲೇ ಅಚ್ಚ ತೆಲುಗಿನಲ್ಲಿ ಅತ್ತಳು.